ಗ್ರಾಮ ಗ, ಉತ್ತರದಾತೆ ಹದಿನೇಳು

ಯೂನಿವರ್ಸಿಟಿ ಗೇಟಿನೆದುರು ನಮ್ಮ ಝೆರಾಕ್ಸ್ ಅಂಗಡಿ.
ಕನ್ನಡ ಟೈಪಿಂಗ್ ಪುಟಕ್ಕೆ ಹದಿನೆಂಟು, ಬೈಂಡಿಂಗ್ ಬೇರೆ.
ಮಾರ್ಚ್ ಬಂತೆಂದರೆ ಪಿಎಚ್.ಡಿ.ಗಳ ಸುಗ್ಗಿ.
ವಚನಗಳ ಮೇಲೆ ಮೂರು, ತೊಗರಿ ಮಾರುಕಟ್ಟೆಯ ಮೇಲೊಂದು,
ಮತ್ತೆ ಸಾಯಿಬಣ್ಣ ಸರ್ ಬಗಲಲ್ಲಿ ಹೊತ್ತು ತಂದ ಈ ದಪ್ಪ ಫೈಲು:
ಸುಸ್ಥಿರತೆ ಮತ್ತು ಕಲ್ಲುಗಣಿಯ ರಾಜಕಾರಣ.

ಸುಸ್ಥಿರತೆ.
ಆ ಒತ್ತಕ್ಷರದ ಮುಂದೆ ನನ್ನ ಕಿರುಬೆರಳು ಪ್ರತಿ ಸಲ ಎಡವುತ್ತದೆ.
ಎರಡನೇ ಅಧ್ಯಾಯಕ್ಕೇ ಬೇಸತ್ತು ಮಷೀನಿಗೆ ಕಲಿಸಿದೆ:
ನಾನು ಬರೀ 'ಸು' ಅಂದರೆ ಉಳಿದದ್ದು ನೀನೇ ಹಾಕಿಕೋ.
ಹಾಕಿಕೊಂಡಿತು. ಸುಣ್ಣ ಎಂದು ಹೊಡೆಯಹೋದಲ್ಲೂ
ಸುಸ್ಥಿರತೆ ಎಂದಿತು.

ಸರ್ ಕೆಟ್ಟವರಲ್ಲ.
ಬಿಸಿಲಲ್ಲಿ ಒಂಬತ್ತು ಊರು ತಿರುಗಿದ ಅವರ ಬೂಟು
ಇನ್ನೂ ಬೂದಿ ಬಣ್ಣ.
ಕೆಮ್ಮಿಕೊಂಡು ಹೇಳಿದರು: ಆ ಕ್ರಷರ್ ಧಣಿಯ ಹೆಸರು ತೆಗೆದುಬಿಡಮ್ಮ,
ಗೈಡ್ ಹೆದರುತ್ತಾರೆ. ನಾನೂ.
ಒಂದೇ ಬಟನ್ನು. ಅರವತ್ತೊಂದು ಕಡೆ
ಆ ಮನುಷ್ಯ 'ಸ್ಥಳೀಯ ಗಣ್ಯರು' ಆಗಿಬಿಟ್ಟ,
ಒಬ್ಬನಿದ್ದವನು ಬಹುವಚನ.

ನಾಲ್ಕನೇ ಅಧ್ಯಾಯದಲ್ಲಿ ಊರುಗಳಿಗೆ ಬರೀ ಅಕ್ಷರ. ಕ, ಖ, ಗ.
ಗ್ರಾಮ ಗ: ಶಹಾಬಾದಿನಿಂದ ಹನ್ನೊಂದು ಕಿಲೋಮೀಟರ್,
ಬಿಟ್ಟುಹೋದ ಕ್ವಾರಿ ನಾಲ್ಕು, ನೀರು ನಿಂತದ್ದು ಎರಡು,
ಒಂದು ಶಾಲೆ, ಕಾಂಪೌಂಡು ಪರ್ಸಿಕಲ್ಲಿನದು, ಗೇಟಿಲ್ಲ.
ಬೆರಳು ನಿಂತವು.
ಆ ಇಲ್ಲದ ಗೇಟನ್ನು ನಾನು ಏಳು ವರ್ಷ ದಾಟಿದ್ದೇನೆ.
ಮುಂದಿನ ಪುಟದಲ್ಲಿ ಬಾವಿಯ ಗ್ರಾಫು, ಎಡದಿಂದ ಬಲಕ್ಕೆ ಇಳಿಜಾರು.
ಪ್ರತಿ ಬೇಸಿಗೆ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕುತ್ತಿದ್ದೆವಲ್ಲ,
ಆ ಗಂಟುಗಳೇ ಇರಬೇಕು ಈ ಚುಕ್ಕಿಗಳು.

ಕೋಷ್ಟಕದ ಕೆಳಗೆ, ವಾಲಿದ ಅಕ್ಷರದಲ್ಲಿ:
ಉತ್ತರದಾತೆ ೧೭. ವಯಸ್ಸು ೫೬. ನಿರಕ್ಷರಿ.
ಹಿಂದೆ ಪರ್ಸಿ ಎತ್ತುವ ಕೂಲಿ.
"ಧೂಳಿನ ಪರಿಣಾಮವಾಗಿ ಆಹಾರದ ಗುಣಮಟ್ಟ ಕುಸಿದಿದೆಯೆಂದು
ಇವರು ಅಭಿಪ್ರಾಯಪಟ್ಟರು."

ನಮ್ಮವ್ವ ನಾಗಿಂದ್ರಮ್ಮ
ಹುಟ್ಟಿದಾಗಿಂದ ಒಮ್ಮೆಯೂ ಅಭಿಪ್ರಾಯಪಟ್ಟವಳಲ್ಲ.
ಅಹವಾಲು ಸಭೆಯ ದಿನ, ಶಾಮಿಯಾನದ ಹಿಂದಿನ ಸಾಲಿನಿಂದ
ಮೈಕು ಕೊಡದಿದ್ದರೂ ಎದ್ದು ಅಂದಿದ್ದಳು:
"ರೊಟ್ಟಿ ಬಡಿಯಾಗ ಹಿಟ್ಟ್ ಯಾವ್ದು, ಧೂಳ್ ಯಾವ್ದು ತಿಳಿಯಂಗಿಲ್ರಿ.
ಎರಡೂ ಬೆಳ್ಳಗೇ ಅದಾವ.
ಹಲ್ಲಿಗೇ ಕೇಳ್ಬೇಕು."
ಶಾಮಿಯಾನ ನಕ್ಕಿತು. ನಡಾವಳಿ ಬರೆಯುವವನು
ಅಷ್ಟೊತ್ತಿಗೆ ಪೆನ್ನು ಕಿಸೆಗಿಟ್ಟಿದ್ದ.

ಆ ಎರಡು ಸಾಲು ಅಳಿಸಿದೆ.
ವಾಲಿದ್ದನ್ನು ನೆಟ್ಟಗೆ ಮಾಡಿ,
ಅವ್ವನ ಮಾತು ಅವ್ವನ ಹಾಗೇ ಹೊಡೆದೆ.
'ಹಿಟ್ಟ್' ಕೆಳಗೆ ಮಷೀನು ಕೆಂಪು ಗೆರೆ ಎಳೆಯಿತು,
'ಅದಾವ' ಕೆಳಗೂ. ಎಳೆಯಲಿ.

ಪ್ರೂಫ್ ನೋಡಲು ಬಂದ ಸರ್ ಆ ಪುಟದಲ್ಲಿ ಬಹಳ ಹೊತ್ತು ಕೂತರು.
ಚಹಾ ಆರಿತು.
"ಇದು ನಾ ಬರದಿದ್ದಲ್ಲ."
ಹೌದ್ರಿ.
"ಆದ್ರ ಹಿಂಗೇ ಅಂದಿದ್ರು. ಟೇಪಿನಾಗ ಅದ."
ಕೆಂಪು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು,
ಮತ್ತೆ ತೆಗೆದು ಎಲ್ಲೋ ಕೆಳಗಿನ ಸಾಲಿನ
ಒಂದು ದೀರ್ಘ ತಿದ್ದಿ ಪುಟ ತಿರುವಿದರು.
ಗೈಡ್ ಏನಂತಾರೋ. ಅನುಬಂಧಕ್ಕೆ ತಳ್ಳುತ್ತಾರೇನೋ,
ಸಣ್ಣಕ್ಷರದಲ್ಲಿ. ಅದು ನನ್ನ ಕೈಯಲ್ಲಿಲ್ಲ.

ಐದು ಪ್ರತಿ. ಕಪ್ಪು ರಟ್ಟು, ಬಂಗಾರದ ಅಕ್ಷರ.
ಟೈಪ್ ಮಾಡಿದ್ದು ೨೮೬ ಪುಟ, ಬಿಲ್ಲಿನಲ್ಲಿ ೨೮೫ ಬರೆದೆ.
ಇಲಿಯಾಸಭಾಯಿ ಬೆರಳು ಒದ್ದೆ ಮಾಡಿಕೊಂಡು ಎರಡು ಸಲ ಎಣಿಸಿ,
"ಲೆಕ್ಕ ತಪ್ಪ್ಯಾದಲ್ಲವಾ" ಅಂದರು.
ತಪ್ಪ್ಯಾದರಿ, ಅಂದೆ.