ಕೀ ತೆಗೆದ ಮೇಲೂ

ಶಾರ್ಜಾ ಇಂಡಸ್ಟ್ರಿಯಲ್ ಹತ್ತನೇ ಏರಿಯಾ.
ಬೆಳಿಗ್ಗೆ ಎಂಟಕ್ಕೇ ಬಾನೆಟ್ಟು ಮುಟ್ಟಿದರೆ ಚುರ್ರೆನ್ನುತ್ತದೆ.
ಇಲ್ಲಿ ಎರಡೇ ವರ್ಷಕ್ಕೆ ಬ್ಯಾಟರಿ ಸಾಯುತ್ತದೆ,
ಅದರಿಂದಲೇ ನಮ್ಮ ಅಂಗಡಿ ಬದುಕಿದೆ.

ಕಾರು ಮಾಡಿದವರು ಸಿಗರೇಟು ಹಚ್ಚುವವನಿಗೆಂದು
ಒಂದು ಗುಳಿ ಬಿಟ್ಟಿದ್ದರು.
ಈಗ ಬೆಂಕಿ ಯಾರಿಗೂ ಬೇಡ,
ಗುಳಿ ಎಲ್ಲರಿಗೂ ಬೇಕು.
ಕಾರ್ ಲಿಫ್ಟ್ ಓಡಿಸುವ ಮೊಯ್ದೀನ್‌ಕುಟ್ಟಿ
ಏಳು ಜನಕ್ಕೆ ಏಳು ಸಾಕೆಟ್ ಹಾಕಿಸಿದ;
ಅಜ್ಮಾನಿನಿಂದ ದುಬೈ ಮುಟ್ಟುವಷ್ಟರಲ್ಲಿ
ಚಾರ್ಜಿಗೆ ಜಗಳವಾಗಿ
ಇಬ್ಬರು ಬೇರೆ ಗಾಡಿ ಹಿಡಿದಿದ್ದರಂತೆ.
ಮರಳಿಗೆ ಹೋಗುವ ಅರಬಿ ಹುಡುಗರಿಗೆ
ಡಿಕ್ಕಿಯಲ್ಲಿ ಫ್ರಿಜ್ಜು, ಟೈರಿಗೆ ಗಾಳಿಯ ಪಂಪು,
ಒಬ್ಬನಿಗಂತೂ ತನ್ನ ಗಿಡುಗನ ಪಕ್ಕ ಪುಟ್ಟ ಫ್ಯಾನು.
ಏನಕ್ಕೆಂದು ನಾನು ಕೇಳುವುದಿಲ್ಲ,
ಎಷ್ಟು ಆಂಪಿಯರ್ ಅಂತ ಮಾತ್ರ.

ಮೊನ್ನೆ ಅಸರ್ ಬಾಂಗಿನ ಹೊತ್ತಿಗೆ
ಬಿಳಿ ಸನ್ನಿಯೊಂದು ಬಂತು, ಮಗ್ಗುಲಲ್ಲಿ ಉಜ್ಜಿದ ಗಾಯ.
ಇಳಿದವಳು ನರ್ಸಿನ ನೀಲಿ ಬಟ್ಟೆಯಲ್ಲಿದ್ದಳು.
ಹಿಂದಿಯಲ್ಲಿ ಹೇಳಿದಳು: ಹಿಂದಿನ ಸೀಟಿಗೊಂದು ಪಾಯಿಂಟ್,
ಇಂಜಿನ್ ಆರಿಸಿದಾಗಲೂ ಕರೆಂಟು ಬರಬೇಕು.

ಬ್ಯಾಟರಿ ಇಳಿಯುತ್ತದೆ ಸಿಸ್ಟರ್. ಎಷ್ಟು ಹೊತ್ತು?
ಇಪ್ಪತ್ತು ನಿಮಿಷ. ದಿನಕ್ಕೆರಡು ಸಲ.
ಯಾವ ಯಂತ್ರ?
ಕೇಳಬಾರದ್ದು ಅಂದು ಯಾಕೋ ಬಾಯಿಗೆ ಬಂತು.
ಅವಳು ಸೈಡ್ ಕನ್ನಡಿಯನ್ನೇ ನೋಡುತ್ತ
ಚಿಕ್ಕದು, ಅಂದಳು.

ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ ಮಲಗಿ
ವೈರು ಎಣಿಸುತ್ತಿದ್ದೆ.
ಈ ಊರಲ್ಲಿ ನನ್ನ ನಾಲಗೆ ಐದು ಭಾಷೆ ಕಲಿತಿದೆ,
ಎಣಿಕೆ ಮಾತ್ರ ಕನ್ನಡ ಬಿಟ್ಟು ಕದಲಿಲ್ಲ:
ಒಂದು, ಎರಡು, ಹಳದಿ ಮೂರು, ಥತ್, ಎರಡು.
ಬಾಗಿಲ ಹತ್ತಿರದಿಂದ ದನಿ:
"ನೀವು ನಮ್ಮ ಕಡೆಯವ್ರೇನ್ರಿ?"
ಗಂಗೊಳ್ಳಿ, ಅಂದೆ ಸ್ಟಿಯರಿಂಗಿನ ಕೆಳಗಿಂದ.
ಹುಮನಾಬಾದ, ಅಂದಳು. ಹೆಸರು ಎಸ್ತೇರ್.
ನನ್ನ ಅರ್ಧ ಮಾತು ಅವಳಿಗೆ ತಿಳಿಯದು,
ಅವಳದರ್ಧ ನನಗೆ.

ನನ್ನ ಮುಖ ಕಾಣದ್ದಕ್ಕೇ ಇರಬೇಕು, ತಾನಾಗಿ ಹೇಳಿದಳು:
"ಕೂಸಿಗೆ ಎಪ್ಪತ್ತು ದಿನಾರಿ. ರಜಾ ಮುಗೀತು.
ಪೇಷಂಟ್ ಮನಿಯಾಗ ಜಾಗ ಇಲ್ಲ,
ಬಾತ್‌ರೂಮಿನಾಗ ತೆಗಿ ಅಂತಾರ.
ಬಾತ್‌ರೂಮಿನಾಗ ಯಾರರ ಕೂಸಿನ ಊಟಾ ಮಾಡಿಡ್ತಾರೇನ್ರಿ?"

ಉತ್ತರ ಹೊಳೆಯಲಿಲ್ಲ.
ನನ್ನ ಮಗಳು ಹುಟ್ಟಿದ ವಾರ ನಾನು
ಯಾವುದೋ ಲ್ಯಾಂಡ್‌ಕ್ರೂಸರಿನ ಹೊಟ್ಟೆಯಡಿ ಇದ್ದೆ.
ಹೆಂಡತಿಗೆ ಎದೆ ಕಟ್ಟಿ ಜ್ವರ ಬಂದದ್ದು
ಮುಂದಿನ ರಜೆಯಲ್ಲಿ, ಬೇರೆ ಮಾತಿನ ನಡುವೆ, ತಿಳಿಯಿತು.

ಬ್ಯಾಟರಿಯಿಂದಲೇ ನೇರ ಎಳೆದೆ, ದಪ್ಪ ಕೆಂಪು ವೈರು,
ಬುಡದಲ್ಲೇ ಹತ್ತು ಆಂಪಿಯರ್ ಫ್ಯೂಸು,
ಬಾಗಿಲ ಪಟ್ಟಿಯಡಿ ಹಾಯಿಸಿ
ಹಿಂದಿನ ಸೀಟಿನೆಡಕ್ಕೆ, ಕಿಟಕಿಗೆ ಕಾಣದಷ್ಟು ಕೆಳಗೆ.
ಬ್ಯಾಟರಿ ತೀರ ಇಳಿದರೆ ತಾನೇ ಕಡಿದುಕೊಳ್ಳುವ ರಿಲೇ ಒಂದು,
ಮನೆ ಸೇರುವಷ್ಟು ಉಳಿಸಿಡುತ್ತದೆ.
ಕೇಳದೆಯೇ ಇನ್ನೊಂದು ಪಾಯಿಂಟ್ ಕೊಟ್ಟೆ;
ಗಿಡುಗನ ಫ್ಯಾನಿನ ಜೋಡಿ
ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು.
ಸಿಲ್ಹಟಿನ ಹುಡುಗ ಸಜಲ್ ಎಲ್ಲಿಂದಲೋ ಕಪ್ಪು ಜಾಲರಿ ತಂದು
ಎರಡೂ ಗಾಜಿಗೆ ಅಂಟಿಸಿದ.
ಅವನಿಗೆ ಕನ್ನಡ ಬಾರದು.

ತೊಂಬತ್ತು ದಿರ್ಹಮ್ ಅಂದೆ. ಎಪ್ಪತ್ತು ಕೊಟ್ಟಳು.
ನಮ್ಮವನೆಂದು ಗೊತ್ತಾದ ಮೇಲೆ ಚೌಕಾಸಿ ಇನ್ನೂ ಜೋರು.

ಕೀ ತೆಗೆದು ಅವಳ ಕೈಗಿತ್ತು
ಟೆಸ್ಟ್ ಲ್ಯಾಂಪು ಚುಚ್ಚಿದೆ.
ಆರಿದ ಕಾರಿನೊಳಗೆ ಹಳದಿ ಬೆಳಕು.
ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ
ಮೊದಲ ಸಲವೋ ಏನೋ ಕೂತು ನೋಡಿದಳು,
ಗಡಿಯಾರ ನೋಡಿದಳು.
"ಈಗೇ ನಡೀತದೇನ್ರಿ?"

ನಾನೂ ಸಜಲನೂ ಹೊರಗೆ ಬಂದು
ರಸ್ತೆಗೆ ಮುಖ ಮಾಡಿ ಕೂತು
ಇಪ್ಪತ್ತು ನಿಮಿಷ
ಒಂದೇ ಸ್ಪಾರ್ಕ್ ಪ್ಲಗ್ಗನ್ನು ಉಜ್ಜಿದೆವು.