ಸದರಿ ಅರವತ್ತೊಂದು ರೂಪಾಯಿ

ಏಪ್ರಿಲ್ ಒಂದರಿಂದ ಜಾರಿಗೆ ಬರುವಂತೆ
ಅಂತ ಆದೇಶ ಬಂದದ್ದು ಮೇ ಹದಿನೇಳಕ್ಕೆ.
ಅಷ್ಟೊತ್ತಿಗೆ ರಾಯಚೂರಿನ ಬಿಸಿಲು
ಯಾರ ಮಂಜೂರಾತಿಗೂ ಕಾಯದೆ
ತನ್ನ ದರ ತಾನೇ ಏರಿಸಿಕೊಂಡಾಗಿತ್ತು.

ದಿನಕ್ಕೆ ನಾನೂರ ಎಪ್ಪತ್ಮೂರು ಇದ್ದದ್ದು
ಐನೂರ ಮೂವತ್ನಾಲ್ಕು.
ನಾನು ದವಾಖಾನೆಯ ಲೆಕ್ಕಶಾಖೆಯವಳು. ಅಂಕಿ ಕಂಡರೆ
ಮೊದಲು ಕೂಡಿಸುತ್ತೇನೆ, ಆಮೇಲೆ ಸಂತೋಷಪಡುತ್ತೇನೆ.
ಮೂವತ್ನಾಲ್ಕು ಮಂದಿ, ಇಪ್ಪತ್ತಾರು ದಿನ,
ತಿಂಗಳಿಗೆ ಐವತ್ಮೂರು ಸಾವಿರದ ಒಂಬೈನೂರ ಇಪ್ಪತ್ನಾಲ್ಕು,
ಪಿಎಫ್, ಇಎಸ್‌ಐ ಬೇರೆ.

ಕರಾರಿನ ಹದಿನಾಲ್ಕನೇ ಷರತ್ತು:
ಅವಧಿ ಮುಗಿಯುವ ತನಕ ದರ ಬದಲಾಗತಕ್ಕದ್ದಲ್ಲ.
ಅದರ ಹೊಟ್ಟೆಯೊಳಗೆ ಸಣ್ಣಕ್ಷರದಲ್ಲಿ ಕೂತ 'ಆ':
ಸರ್ಕಾರವೇ ಕೂಲಿ ಏರಿಸಿದಲ್ಲಿ,
ಮೂವತ್ತು ದಿನದೊಳಗೆ ಅರ್ಜಿ ಬಂದಲ್ಲಿ,
ಏರಿಸಿದಷ್ಟನ್ನು ಮಾತ್ರ ಕೊಡತಕ್ಕದ್ದು.
ಇದರ ಮೇಲೆ ಲಾಭಾಂಶ ಸಲ್ಲದು.

'ಸಲ್ಲದು' ಅನ್ನುವಲ್ಲಿ
ಏಜೆನ್ಸಿಯ ಪಂಪಾರೆಡ್ಡಿ ಉಂಗುರದ ಬೆರಳಿಟ್ಟ.
"ಲಾಭನೇ ಇಲ್ಲಂದ ಮ್ಯಾಲೆ ಅರ್ಜಿ ಯಾಕ್ ಬರೀಬೇಕ್ರಿ ಮೇಡಂ,
ಕಾಗದಕ್ಕೂ ರೊಕ್ಕ ಬೀಳ್ತದಲ್ಲ."
ಕೆಟ್ಟ ಮನುಷ್ಯ ಅಂತಲೂ ಅಲ್ಲ.
ಅವನ ಏಳು ತಿಂಗಳ ಬಿಲ್ಲು
ನಮ್ಮ ಕಪಾಟಿನಲ್ಲೇ ಮಲಗಿತ್ತು.

ಜೂನ್ ಒಂದರ ಹಾಜರಿ ಪುಸ್ತಕದಲ್ಲಿ
ಹೊಸ ದರ ಬರೆದಿತ್ತು, ದುಂಡಗೆ, ಕೆಂಪು ಶಾಯಿಯಲ್ಲಿ.
ಹೆಸರು ಮೂವತ್ತು.

ಹಾಳೆಯಂಚಿನಲ್ಲಿ ಪೆನ್ಸಿಲಿನಿಂದ ಬರೆದು ನೋಡಿದೆ.
ಮೂವತ್ನಾಲ್ಕು ಮಂದಿಯ ಹಳೇ ಕೂಲಿ
ದಿನಕ್ಕೆ ಹದಿನಾರು ಸಾವಿರದ ಎಂಬತ್ತೆರಡು.
ಮೂವತ್ತು ಮಂದಿಯ ಹೊಸ ಕೂಲಿ
ಹದಿನಾರು ಸಾವಿರದ ಇಪ್ಪತ್ತು.
ಉಳಿದದ್ದು ಅರವತ್ತೆರಡು:
ಒಬ್ಬಳ ಹೆಚ್ಚಳ, ಮೇಲೊಂದು ರೂಪಾಯಿ.

ಇಲ್ಲದ ನಾಲ್ಕು ಹೆಸರು ನನಗೆ ಬಾಯಿಪಾಠ.
ಹೆರಿಗೆ ವಾರ್ಡಿನ ಖಾಜಾಬಿ,
ಎಕ್ಸ್‌ರೇ ಕಡೆಯ ದ್ಯಾವಮ್ಮ,
ಶವಾಗಾರಕ್ಕೆ ಹೂಂ ಅನ್ನುತ್ತಿದ್ದ ಒಬ್ಬನೇ ಒಬ್ಬ ತಾಯಪ್ಪ,
ಮತ್ತೆ, ಅಲಾಯಿ ಕುಣಿ ಸುತ್ತಿ ಹರಕೆ ಹೊತ್ತು
ಅವ್ವ ಪಡೆದ ಮಗಳು ಹುಸೇನಮ್ಮ,
ನನ್ನ ಮೇಜಿನಡಿಯ ಕಸದಿಂದ ದಿನಾ
ಗುಂಡುಪಿನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದವಳು.

ಬಂದಳು. ನೀಲಿ ಕೋಟಿಲ್ಲದೆ ಅವಳನ್ನು ಕಂಡದ್ದು ಅವತ್ತೇ.
"ಕೂಲಿ ಹೆಚ್ಚಾತಂತಲ್ರೀ ಅಕ್ಕಾರ,
ಯಾರಿಗೆ ಹೆಚ್ಚಾತು?"
ವ್ಯಂಗ್ಯ ಇರಲಿಲ್ಲ.
ಮನೆ ಹುಡುಕುವವರು ವಿಳಾಸ ಕೇಳುವ ಹಾಗೆ.

ಅದೇ ವಾರ ನನ್ನ ತುಟ್ಟಿಭತ್ಯೆಯೂ ಏರಿತ್ತು,
ಅರ್ಜಿ ಗಿರ್ಜಿ ಏನೂ ಇಲ್ಲದೆ.

ಟಿಪ್ಪಣಿ ಬರೆದೆ. ಸದರಿ ಏಜೆನ್ಸಿಯು ಸದರಿ ಷರತ್ತಿನನ್ವಯ
ಸದರಿ ವ್ಯತ್ಯಾಸವನ್ನು ಕೋರದೇ ಇರುವುದರಿಂದ...
ಸದರಿ, ಸದರಿ.
ಹುಸೇನಮ್ಮ ಅಂತ ಬರೆಯಲು ಅಲ್ಲಿ ಕಾಲಂ ಇಲ್ಲ.
ಕಡತ ಮೇಲೆ ಹೋಯಿತು, ಕೆಳಗೆ ಬಂತು,
ಹಸಿರು ಶಾಯಿಯ ಒಂದೇ ಪದ ಹೊತ್ತು: 'ಚರ್ಚಿಸಿ'.
ಯಾರೊಂದಿಗೆ ಅಂತ ಬರೆದಿರಲಿಲ್ಲ.

ಈಗ ಮೂವತ್ತು ಜನ
ಮೂವತ್ನಾಲ್ಕು ಜನರ ವರಾಂಡ ಒರೆಸುತ್ತಾರೆ.
ವರಾಂಡ ಷರತ್ತು ಓದಿಲ್ಲ, ಒಂದಡಿಯೂ ಗಿಡ್ಡವಾಗಿಲ್ಲ.
ಒರೆಸಿದ ನೀರು ಈ ಊರಲ್ಲಿ
ಹಿಂತಿರುಗಿ ನೋಡುವುದರೊಳಗೆ ಆರುತ್ತದೆ,
ಒರೆಸಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಇಪ್ಪತ್ತೆಂಟನೇ ದಿನ, ಸಂಜೆ,
ಸಿಯಾತಲಾಬಿನ ಹುಸೇನಮ್ಮನ ಮನೆಗೆ ಹೋದೆ,
ಕರಾರಿನ ಜೆರಾಕ್ಸ್ ವ್ಯಾನಿಟಿ ಬ್ಯಾಗಿನಲ್ಲಿ ಮಡಚಿಟ್ಟು,
ಕಳ್ಳಮಾಲಿನಂತೆ.
ನಾಲ್ವರೂ ಇದ್ದರು. ಕರೆಂಟಿರಲಿಲ್ಲ.
ಮೊಬೈಲಿನ ಬೆಳಕಲ್ಲಿ ಹದಿನಾಲ್ಕರ 'ಆ' ಓದಿದೆ.

"ಇನ್ನೊಮ್ಮೆ ಓದ್ರಿ, ಸಾವಕಾಶ," ಅಂದ ತಾಯಪ್ಪ.
"ಅರ್ಜಿ ಬಂದಲ್ಲಿ ಅಂತ ಅದ.
ಯಾರು ಕೊಡಬೇಕಂತ ಅದ ಏನ್ರೀ?"

ಓದಿದೆ. ಇರಲಿಲ್ಲ.
ಹನ್ನೊಂದು ವರ್ಷದ ನೌಕರಿಯಲ್ಲಿ
ಕರ್ತೃವಿಲ್ಲದ ವಾಕ್ಯ ಎಷ್ಟು ಬರೆದೆನೋ,
ಆ ಖಾಲಿ ಜಾಗದಲ್ಲಿ
ಯಾರಾದರೂ ಕೂರಬಹುದೆಂದು ಹೊಳೆದಿರಲಿಲ್ಲ.

ಖಾಜಾಬಿ ಸೆರಗಿನ ಗಂಟು ಬಿಚ್ಚಿ
ಮಗನನ್ನು ಅಂಗಡಿಗೆ ಓಡಿಸಿದಳು,
ಒಂದು ಬಿಳಿ ಹಾಳೆಗೆ,
ಒಂದು ರೂಪಾಯಿ ಕೊಟ್ಟು.