ಅರ್ಧ ನುಂಗಿದ ಹೆಸರು

ಡಾರ್ವಿನ್ನಿನಲ್ಲಿ ಅಕ್ಟೋಬರ್ ಎಂದರೆ
ಬರುತ್ತೇನೆಂದು ಗುಡುಗಿ ಮಳೆ ಬಾರದ ತಿಂಗಳು.
ಊರೇ ಹಬೆಯಾಡುವ ಇಡ್ಲಿಪಾತ್ರೆ,
ಮುಚ್ಚಳ ತೆಗೆಯುವವರಿಲ್ಲ.
ಆಸ್ಪತ್ರೆಯ ಅಡುಗೆಮನೆಗೆ ಸೋಮವಾರ ನಾನಿಲ್ಲ;
ಉಪ್ಪಿಲ್ಲದ ಸೂಪು, ಖಾರ ಕಾಣದ ಕೋಳಿ,
ನೂರಾ ನಲವತ್ತು ತಟ್ಟೆ ಇವತ್ತು ಬೇರೆಯವರ ಪಾಲು.

ಬಸ್ಸಿಳಿದು ಹಳೇ ಸಸ್ಯತೋಟಕ್ಕೆ ಬಂದೆ,
ಬಿಸಿಲಿಗೆ ಕೊಡೆ, ಚೀಲದಲ್ಲಿ ಮಜ್ಜಿಗೆ.

ಗೇಟಿನ ಹತ್ತಿರ ಮಾರ್ಲೀನ್, ತೋಟ ತೋರಿಸುವಾಕೆ,
ಎಪ್ಪತ್ತು ದಾಟಿದೆ, ಮಂಡಿಗೆ ಪಟ್ಟಿ, ತಲೆಗೆ ಹುಲ್ಲಿನ ಟೋಪಿ.
ಆಗ ಇದು ತೋಟವಲ್ಲ, ಪರೀಕ್ಷೆ, ಎಂದಳು:
ಕಬ್ಬು ಹತ್ತುತ್ತದೋ, ಕಾಫಿ ಹತ್ತುತ್ತದೋ,
ಹಡಗಿನಲ್ಲಿ ಬಂದವರು ಇಲ್ಲಿ ಉಂಡು ಬಾಳಿಯಾರೋ.
ಪಾಸಾದವು ಎಷ್ಟು? ಕೇಳಿದೆ.
ನಕ್ಕಳು. ಅಂಕಪಟ್ಟಿ ಗೆದ್ದಲು ತಿಂದಿದೆ.
ಲರಾಕಿಯಾ ಜನ ಅದಕ್ಕೂ ಮೊದಲು ಇಲ್ಲೇ ಉಣ್ಣುತ್ತಿದ್ದರು,
ಏನುಣ್ಣುತ್ತೀರೆಂದು ಅವರನ್ನು ಯಾರೂ ಕೇಳಲಿಲ್ಲ.

ಎಪ್ಪತ್ತನಾಲ್ಕರ ಕ್ರಿಸ್‌ಮಸ್ಸಿನ ಬಿರುಗಾಳಿಗೆ
ಮಾರ್ಲೀನಳಿಗೆ ಇಪ್ಪತ್ತು.
ಸ್ನಾನದ ತೊಟ್ಟಿಯಲ್ಲಿ ಮಲಗಿ ಮೇಲೆ ಹಾಸಿಗೆ ಎಳೆದುಕೊಂಡವಳು
ಬೆಳಿಗ್ಗೆ ಸರಿಸಿ ನೋಡಿದರೆ
ತೊಟ್ಟಿ ಇತ್ತು, ನಲ್ಲಿ ಇತ್ತು, ಮನೆ ಇರಲಿಲ್ಲ.
ತೋಟದಲ್ಲಿ ಹತ್ತಕ್ಕೆ ಒಂಬತ್ತು ನೆಲ ಕಚ್ಚಿದ್ದವು.
ಇಗೋ ಇದು, ಎಂದು ತಟ್ಟಿದಳು ಒಂದು ಕಾಂಡವನ್ನು,
ದನದ ಬೆನ್ನು ತಟ್ಟುವಂತೆ:
ಬಿದ್ದದ್ದು ಏಳಲಿಲ್ಲ. ಮಲಗಿದಲ್ಲೇ
ಪಕ್ಕೆಯ ಕೊಂಬೆಯೊಂದನ್ನು ಮರವಾಗು ಎಂದು ಕಳಿಸಿದೆ.

ತಿರುವಿನಲ್ಲಿ ನಾನು ನಿಂತೆ.
ಮೊದಲು ಗುರುತಿಸಿದ್ದು ಕಣ್ಣಲ್ಲ, ನಾಲಗೆ.
ಬಾಯಲ್ಲಿ ನೀರೂರಿದ ಮೇಲೆ
ತಲೆಯೆತ್ತಿ ನೋಡಿದರೆ, ಹೌದು, ಹುಣಸೆ.

ಎಂದೋ ಹೊಡೆದ ತಗಡಿನ ಪಟ್ಟಿಯ ಮೇಲೆ
ತೊಗಟೆ ಬೆಳೆದು ಅರ್ಧ ನುಂಗಿಬಿಟ್ಟಿದೆ.
ಟ್ಯಾಮರಿಂಡಸ್ ಇಂಡಿ,
ಅಷ್ಟೇ ಉಳಿದಿರುವುದು.

ನನ್ನ ಎದೆಯ ಬಿಲ್ಲೆಯಲ್ಲೂ ಹೀಗೇ.
ಅಪ್ಪ ಇಟ್ಟದ್ದು ವಾರಿಜಾಕ್ಷಿ,
ಅಡುಗೆಮನೆಗೆ ಬರೀ ವಾರಿ.
ನೀರು ಉಳಿಯಿತು, ಹೂವೂ ಕಣ್ಣೂ ಹೋದವು.

ನಿಮ್ಮೂರಿನದು, ಎಂದಳು ಮಾರ್ಲೀನ್, ಉಡುಗೊರೆ ಕೊಡುವವಳ ಹಾಗೆ.
ಮರುಗಳಿಗೆ ತಾನೇ ತಿದ್ದಿಕೊಂಡಳು:
ಹೆಸರು ಮಾತ್ರ ನಿಮ್ಮೂರಿನದು.
ಸಮುದ್ರಸೌತೆ ಹುಡುಕಿ ಬರುತ್ತಿದ್ದ
ಮಕಾಸ್ಸರದ ನಾವಿಕರು ತಿಂದು ಉಗುಳಿದ ಬೀಜಗಳು
ಈ ತೀರದಲ್ಲಿ ಮರವಾದವಂತೆ.
ಅದಕ್ಕೂ ಹಿಂದೆ ಆಫ್ರಿಕಾ.

ಹಾಗಾದರೆ ಜಗಲಿಯಲ್ಲಿ ಕಲ್ಲಿಗೆ ತಿಕ್ಕಿ
ಅರ್ಧ ಬೆಳ್ಳಗೆ ಮಾಡಿದ ಹುಣಸೆಬೀಜದ ಚೌಕಾಬಾರ?
ಕಡ್ಡಿಗೆ ಸಿಕ್ಕಿಸಿ ಚೀಪಿದ ಕುಟ್ಟುಂಡೆ?
ರಾತ್ರಿ ಇದರಡಿ ಮಲಗಬೇಡ ಎಂದು
ನೀಲತ್ತೆ ಹೆದರಿಸುತ್ತಿದ್ದ ದೆವ್ವ,
ಅದೂ ಹಡಗಿಳಿದು ಬಂದದ್ದೇ?

ನೆರಳಲ್ಲಿ ಕಿತ್ತಳೆ ಕಾಲಿನ ಕಾಡುಕೋಳಿಯೊಂದು
ಯಾರ ಎಲೆ ಎಂದು ಕೇಳದೆ
ಕೆದರಿ ಕೆದರಿ ಗುಡ್ಡೆ ಹಾಕುತ್ತಿತ್ತು.

ಕೀಳಬಾರದು ಎಂದು ಫಲಕ.
ಬಿದ್ದದ್ದು? ಎಂದೆ.
ಮಾರ್ಲೀನ್ ಮೋಡ ನೋಡತೊಡಗಿದಳು,
ಇನ್ನೂ ನೋಡಿದಳು,
ನಾಲ್ಕು ಕಾಯಿ ಚೀಲ ಸೇರುವವರೆಗೂ.

ಐದನೆಯದನ್ನು ಒಡೆದು ನಾರು ಬಿಡಿಸಿ
ಅರ್ಧ ಅವಳಿಗೆ ಕೊಟ್ಟೆ.
ಮರಕ್ಕೆ ಮುಪ್ಪು ಬಂದಿರಬಹುದು, ಹುಳಿಗಿಲ್ಲ.
ಅವಳ ಒಂದು ಕಣ್ಣು ಮುಚ್ಚಿಕೊಂಡಿತು,
ಭುಜ ಕಿವಿಯವರೆಗೆ ಏರಿತು,
ಇಪ್ಪತ್ತರ ಹುಡುಗಿ ಒಂದು ಕ್ಷಣ ಕುಣಿದು ಹೋದಳು.

ಅಷ್ಟರಲ್ಲಿ ಕ್ಯಾಮೆರಾ ತೂಗಿಕೊಂಡ ಏಳು ಜನ ಬಂದರು,
ಇದು ಯಾವ ಮರ, ಎಲ್ಲಿಯದು ಎನ್ನುತ್ತ.
ಬಾಯಲ್ಲಿ ಬೀಜ,
ಉಗುಳಲಾರಳು, ನುಂಗಲಾರಳು.
ಮಾರ್ಲೀನ್ ಸುಮ್ಮನೆ ಕೈಯೆತ್ತಿ
ಮರವನ್ನು ತೋರಿಸಿದಳು.